ನೆರೆಯವರಿಗಾಗಿ ಪ್ರಾರ್ಥನೆ: ಒಂದು ವಿಚಾರ

ಮನುಷ್ಯನು ತನಗಾಗಿ ಬೇಡಿಕೊಳ್ಳುವುದು ಸಹಜ. ಆದರೆ ಒಂದು ಸಮುದಾಯವೇ ಒಟ್ಟಾಗಿ ನಿಂತು, ನೆರೆಯವರನ್ನು ಪ್ರೀತಿಸುವ ಮನಸ್ಸನ್ನೂ ಅವರ ಸೇವೆ ಮಾಡುವ ಶಕ್ತಿಯನ್ನೂ ಬೇಡುವುದು ಬೇರೆಯೇ ಬಗೆಯ ಪ್ರಾರ್ಥನೆ. ಕ್ರೈಸ್ತರ ಸಾಮೂಹಿಕ ಆರಾಧನೆಯಲ್ಲಿ ಇದಕ್ಕೆ ಮುಖ್ಯ ಸ್ಥಾನವಿದೆ. ಸೇವೆ ಮಾಡಲು ಕೈಕಾಲುಗಳಿರುವವನು ಅದಕ್ಕಾಗಿ ಪ್ರಾರ್ಥಿಸುವುದೇಕೆ? ಸೃಷ್ಟಿಕರ್ತನನ್ನೂ ವರದಾತನನ್ನೂ ಒಪ್ಪದ ಜೈನ ಶ್ರಾವಕನಿಗೆ ಈ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗಿ ಎದುರಾಗುತ್ತದೆ.

ಈ ಪ್ರಾರ್ಥನೆ ಬಹಳ ಹಳೆಯದು. ಕ್ರಿ.ಶ. ಎರಡನೆಯ ಶತಮಾನದ ಮಧ್ಯಭಾಗದಲ್ಲಿ ರೋಮಿನಲ್ಲಿದ್ದ ಜಸ್ಟಿನ್ ಎಂಬ ವಿದ್ವಾಂಸನು ಚಕ್ರವರ್ತಿಯನ್ನುದ್ದೇಶಿಸಿ ಬರೆದ ಗ್ರಂಥದಲ್ಲಿ ಕ್ರೈಸ್ತರ ಭಾನುವಾರದ ಕೂಟವನ್ನು ವರ್ಣಿಸಿದ್ದಾನೆ. ಮೊದಲು ಗ್ರಂಥಪಠನ, ಬಳಿಕ ಉಪದೇಶ, ಅನಂತರ ಎಲ್ಲರೂ ಎದ್ದು ನಿಂತು ಮಾಡುವ ಪ್ರಾರ್ಥನೆ. ಅನುಕೂಲವಂತರು ತಮಗೆ ತೋಚಿದಷ್ಟನ್ನು ಕೊಡುತ್ತಿದ್ದರು. ಸಭೆಯ ಹಿರಿಯನು ಅದರಿಂದ ಅನಾಥರು, ವಿಧವೆಯರು, ರೋಗಿಗಳು, ಸೆರೆಯಾಳುಗಳು ಮತ್ತು ಪರಸ್ಥಳದವರನ್ನು ಪೋಷಿಸುತ್ತಿದ್ದನು. ಪ್ರಾರ್ಥನೆಯೂ ಕಾಣಿಕೆಯೂ ಒಂದೇ ಕೂಟದ ಎರಡು ಅಂಗಗಳಾಗಿದ್ದವೆಂಬುದು ಇಲ್ಲಿ ಗಮನಾರ್ಹ. ಕಾಲಾಂತರದಲ್ಲಿ ರೋಮನ್ ಪೂಜಾವಿಧಿಯಿಂದ ಹೆಚ್ಚುಕಡಿಮೆ ಮರೆಯಾಗಿದ್ದ ಈ ಪ್ರಾರ್ಥನೆಯನ್ನು ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಮರಳಿ ಸ್ಥಾಪಿಸಿತು. ಧರ್ಮಸಭೆ, ಆಳುವವರು, ಕಷ್ಟದಲ್ಲಿರುವವರು, ಸಮಸ್ತ ಲೋಕ ಇವರಿಗಾಗಿ ಒಬ್ಬರು ಕೋರಿಕೆಯನ್ನು ನುಡಿದರೆ ನೆರೆದವರೆಲ್ಲ ಒಂದೇ ದನಿಯಲ್ಲಿ ಓಗೊಡುತ್ತಾರೆ. ಆ ಮಹಾಸಭೆಯ ನಂತರ ಲ್ಯಾಟಿನ್ನಿನ ಸ್ಥಾನದಲ್ಲಿ ದೇಶಭಾಷೆಗಳು ಬಂದುದರಿಂದ ಕರ್ನಾಟಕದಲ್ಲಿ ಇದು ಕನ್ನಡದಲ್ಲಿಯೇ ನಡೆಯುತ್ತಿದೆ.

ಆದರೂ ಒಂದು ಆಕ್ಷೇಪ ಉಳಿಯುತ್ತದೆ. ಹಸಿದವನಿಗೆ ಅನ್ನ ಕೊಡೆಂದು ದೇವರನ್ನು ಬೇಡಿ ಮನೆಗೆ ಮರಳುವವನು ತನ್ನ ಸಾಲಕ್ಕೆ ಬೇರೊಬ್ಬರ ಪೇಢಿಯ ಮೇಲೆ ಹುಂಡಿ ಬರೆದುಕೊಟ್ಟಂತಾಗಲಿಲ್ಲವೇ? ಹುಂಡಿ ಬರೆದ ಸಮಾಧಾನದಲ್ಲಿ ಸಾಲವೇ ಮರೆತುಹೋಗಬಹುದು. ಈ ಅಪಾಯವನ್ನು ಕ್ರೈಸ್ತ ಶಾಸ್ತ್ರವೂ ಕಂಡಿದೆ. ಬಟ್ಟೆಯಿಲ್ಲದವನಿಗೂ ಆಹಾರವಿಲ್ಲದವನಿಗೂ ಬರಿಯ ಹಾರೈಕೆ ಹೇಳಿ ಕಳುಹಿಸುವುದರಿಂದ ಪ್ರಯೋಜನವಿಲ್ಲವೆಂದು ಯಾಕೋಬನ ಪತ್ರಿಕೆ ಎಚ್ಚರಿಸುತ್ತದೆ. ಲೂಕನ ಸುವಾರ್ತೆಯಲ್ಲಿ ನೆರೆಯವನು ಯಾರೆಂದು ಕೇಳಿದ ಧರ್ಮಶಾಸ್ತ್ರಿಗೆ ಯೇಸು ಒಂದು ಕಥೆಯನ್ನು ಹೇಳುತ್ತಾನೆ. ಕಳ್ಳರ ಕೈಗೆ ಸಿಕ್ಕಿ ದಾರಿಯಲ್ಲಿ ಬಿದ್ದಿದ್ದವನನ್ನು ಕಂಡೂ ಯಾಜಕನು ಹಾದುಹೋದನು. ಪರಪಂಗಡದ ಸಮಾರ್ಯನು ಅವನ ಗಾಯ ಕಟ್ಟಿ ಛತ್ರಕ್ಕೆ ಸೇರಿಸಿದನು. ಅಷ್ಟೇ ಅಲ್ಲ, ಎರಡು ನಾಣ್ಯ ಕೊಟ್ಟು, ಹೆಚ್ಚಿಗೆ ಖರ್ಚಾದರೆ ಮರಳಿ ಬಂದಾಗ ತೀರಿಸುವೆನೆಂದನು. ಹುಂಡಿಯನ್ನು ಆತನು ಬರೆದದ್ದು ತನ್ನ ಮೇಲೆಯೇ. ನೆರೆಯವನು ಯಾರೆಂಬ ಪ್ರಶ್ನೆಗೆ ಉತ್ತರವು ಪಕ್ಕದ ಮನೆಯ ಗುರುತಿನಲ್ಲಿಲ್ಲ, ನೆರವಾದವನ ನಡತೆಯಲ್ಲಿದೆ.

ಇದಕ್ಕೆ ನಿದರ್ಶನವನ್ನು ದೂರ ಹುಡುಕಬೇಕಾಗಿಲ್ಲ. ಬೆಳಗೊಳವನ್ನೊಳಗೊಂಡ ಶ್ರೀರಂಗಪಟ್ಟಣ ತಾಲ್ಲೂಕಿನ ಗಂಜಾಮಿನಲ್ಲಿ ಅಬ್ಬೆ ದುಬ್ವಾ ಎಂಬ ಫ್ರೆಂಚ್ ಪಾದ್ರಿಯ ಹೆಸರಿನಿಂದ ಪ್ರಸಿದ್ಧವಾದ ಚರ್ಚು ಇದೆ. 1792ರಲ್ಲಿ ಫ್ರಾನ್ಸನ್ನು ಬಿಟ್ಟು ಬಂದ ಈತನು, 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಚದುರಿಹೋಗಿದ್ದ ಕ್ರೈಸ್ತ ಸಮುದಾಯವನ್ನು ಒಗ್ಗೂಡಿಸಲು ಮೈಸೂರು ಸೀಮೆಗೆ ಬಂದನು. ದೇಶೀಯ ಉಡುಪನ್ನೂ ನಡೆಯನ್ನೂ ಕೈಗೊಂಡ ಈತನನ್ನು ಜನ ದೊಡ್ಡಸ್ವಾಮಿ ಎಂದು ಕರೆದರು. ಹಾಸನ ಸೀಮೆಯ ಸತ್ತಿಹಳ್ಳಿಯಲ್ಲಿ ನಿರ್ಗತಿಕರಿಗಾಗಿ ಬೇಸಾಯದ ನೆಲೆಯೊಂದನ್ನು ಏರ್ಪಡಿಸಿದನು. 1803–04ರಲ್ಲಿ ಸಿಡುಬನ್ನು ತಡೆಯಲು ಇಪ್ಪತ್ತೈದು ಸಾವಿರಕ್ಕೂ ಮಿಕ್ಕ ಜನರಿಗೆ ದೇವಿ ಹಾಕಿಸಿದ ಕೀರ್ತಿ ಈತನದು. ಇಂಗ್ಲೆಂಡಿನ ಜೆನ್ನರ್ ಈ ವಿಧಾನವನ್ನು ಪ್ರಕಟಿಸಿ ಆಗಿನ್ನೂ ಐದಾರು ವರ್ಷಗಳಾಗಿದ್ದವು. ಲಸಿಕೆಯನ್ನು ಶೇಖರಿಸಿಡುವ ಅನುಕೂಲವಿಲ್ಲದ ಆ ಕಾಲದಲ್ಲಿ, ಒಬ್ಬನ ತೋಳಿನ ಮೇಲೆದ್ದ ಗುಳ್ಳೆಯ ರಸವನ್ನು ತೆಗೆದು ಮತ್ತೊಬ್ಬನ ತೋಳಿಗೆ ಹಾಕುತ್ತಿದ್ದರು. ರಕ್ಷಣೆ ಪಡೆದವನೇ ಮುಂದಿನವನಿಗೆ ರಕ್ಷಣೆಯ ಮೂಲವಾಗುತ್ತಿದ್ದನು. ಜೀವಗಳು ಒಂದಕ್ಕೊಂದು ಉಪಕಾರಿಗಳೆಂಬ ತತ್ತ್ವಾರ್ಥಸೂತ್ರದ ಮಾತಿಗೆ ಇದಕ್ಕಿಂತ ಪ್ರತ್ಯಕ್ಷವಾದ ದೃಷ್ಟಾಂತ ದೊರೆಯುವುದು ಕಷ್ಟ.

ಆದರೆ ಸೇವೆ ಒಂದು, ಪ್ರೀತಿ ಇನ್ನೊಂದು. ಇದೇ ದುಬ್ವಾ ಈ ದೇಶದ ಜನರ ನಡೆನುಡಿಗಳನ್ನು ಕುರಿತು ಬರೆದ ಗ್ರಂಥವು 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಜೈನರ ವಿಚಾರವಾಗಿಯೂ ಒಂದು ಅನುಬಂಧವನ್ನು ಒಳಗೊಂಡ ಆ ಗ್ರಂಥದಲ್ಲಿ ಸೂಕ್ಷ್ಮ ಅವಲೋಕನವಿದೆ. ಜೊತೆಗೆ ಜನರ ಆಚಾರವಿಚಾರಗಳ ಬಗೆಗೆ ಕಠೋರವಾದ ತೀರ್ಪುಗಳೂ ಇವೆ. ಯಾರ ಮಕ್ಕಳನ್ನು ರೋಗದಿಂದ ಉಳಿಸಲು ಶ್ರಮಿಸಿದನೋ ಅವರ ಮನಸ್ಸನ್ನು ಗೌರವಿಸುವುದು ಆತನಿಗೂ ಸುಲಭವಾಗಲಿಲ್ಲ. ಇದರಿಂದ ಆತನ ಸೇವೆಯ ಬೆಲೆ ಕುಂದುವುದಿಲ್ಲ. ಮನುಷ್ಯಸ್ವಭಾವದ ತೊಡಕು ಮಾತ್ರ ತಿಳಿಯುತ್ತದೆ. ಸೇವೆಯನ್ನು ಸಂಕಲ್ಪದಿಂದ ಮಾಡಬಹುದು, ಹಣದಿಂದಲೂ ಮಾಡಿಸಬಹುದು. ಪ್ರೀತಿಯು ಹಾಗೆ ಆಜ್ಞೆಗೆ ಬಗ್ಗುವುದಿಲ್ಲ. ಪ್ರೀತಿಯಿಲ್ಲದ ಸೇವೆ ಔದಾರ್ಯದ ಪ್ರದರ್ಶನವಾಗಿ, ಪಡೆದವನನ್ನು ಕೀಳಾಗಿಸಬಹುದು. ಆದುದರಿಂದಲೇ ಪ್ರಾರ್ಥನೆಯು ಪ್ರೀತಿ, ಸೇವೆ ಎರಡನ್ನೂ ಜೊತೆಯಾಗಿ ಬೇಡುತ್ತದೆ. ಅವರಿಗೆ ಕೊಡು ಎಂಬ ಕೋರಿಕೆಗಿಂತ ನಮ್ಮನ್ನು ತಿದ್ದು ಎಂಬ ಕೋರಿಕೆಯೇ ಅದರ ಸಾರ.

ಜೈನ ಸಂಪ್ರದಾಯದಲ್ಲಿ ಇದಕ್ಕೆ ಸಂವಾದಿಯಾದುದು ಇಲ್ಲವೆನ್ನಲಾಗದು. ಪೂಜೆಯ ಅಂತ್ಯದ ಶಾಂತಿಪಾಠವು ಸಮಸ್ತ ಪ್ರಜೆಗಳಿಗೆ ಕ್ಷೇಮವನ್ನೂ ಕಾಲಕಾಲಕ್ಕೆ ಮಳೆಯನ್ನೂ ರೋಗ ದುರ್ಭಿಕ್ಷಗಳ ನಾಶವನ್ನೂ ಹಾರೈಸುತ್ತದೆ. ವರ ಕೊಡುವವನಿಲ್ಲವೆಂದು ತಿಳಿದೂ ಹೀಗೆ ಹಾರೈಸುವುದು ಭಾವಶುದ್ಧಿಗಾಗಿ. ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯಗಳೆಂಬ ಭಾವನೆಗಳು ಒಮ್ಮೆಗೇ ಹುಟ್ಟುವುವಲ್ಲ. ಮತ್ತೆ ಮತ್ತೆ ಮನನ ಮಾಡಿದುದರಿಂದ ನೆಲೆಗೊಳ್ಳುವುವು. ರೋಗಿಗಳ, ವೃದ್ಧರ, ತಪಸ್ವಿಗಳ ಶುಶ್ರೂಷೆಯಾದ ವೈಯಾವೃತ್ತ್ಯವನ್ನು ಆಚಾರ್ಯರು ಅಂತರಂಗ ತಪಸ್ಸಿನಲ್ಲಿ ಎಣಿಸಿರುವುದು ಅರ್ಥಪೂರ್ಣ. ಹೊರಗೆ ಕೈಯಿಂದ ಮಾಡುವ ಕೆಲಸವು ಒಳಗಿನ ತಪಸ್ಸೆನಿಸಬೇಕಾದರೆ ಅದರಲ್ಲಿ ಮನಸ್ಸು ಕೂಡಿರಲೇಬೇಕು.

ಎರಡು ದೃಷ್ಟಿಗಳಿಗೂ ಪರಸ್ಪರ ಹೇಳುವುದುಂಟು. ನೆರೆಯವನೆಂದರೆ ಮನುಷ್ಯನು ಮಾತ್ರವೇ ಎಂದು ಶ್ರಾವಕನು ಕೇಳಬಹುದು. ಏಕೇಂದ್ರಿಯ ಜೀವದವರೆಗೂ ಅವನ ಮೈತ್ರಿಯ ವ್ಯಾಪ್ತಿಯಿದೆ. ಆದರೆ ಸಕಲ ಜೀವಗಳನ್ನು ಪ್ರೀತಿಸುವುದು ಒಂದರ್ಥದಲ್ಲಿ ಸುಲಭ. ಅವು ಬಾಗಿಲಿಗೆ ಬಂದು ಕಡ ಕೇಳುವುದಿಲ್ಲ, ಗಡಿಯ ಗೋಡೆಗಾಗಿ ಜಗಳವಾಡುವುದಿಲ್ಲ. ಸಕಲ ಜೀವಗಳಲ್ಲಿ ಕ್ಷಮೆ ಕೋರಿದವನು ಎದುರು ಅಂಗಡಿಯವನೊಡನೆ ಮಾತು ಬಿಟ್ಟಿದ್ದರೆ ಆ ಕ್ಷಮಾಪಣೆ ಇನ್ನೂ ಅಪೂರ್ಣ. ನೆರೆಯವನೆಂಬ ಪದವು ವಿಶಾಲವಾದ ಮೈತ್ರಿಗೆ ಒಂದು ಮುಖವನ್ನೂ ಒಂದು ವಿಳಾಸವನ್ನೂ ಕೊಡುತ್ತದೆ.

ದೇವರು ಆಲಿಸುತ್ತಾನೆಂದು ನಂಬುವವನಿಗೆ ತನ್ನ ಮಾತಿಗೆ ಒಬ್ಬ ಸಾಕ್ಷಿಯಿದ್ದಾನೆ. ಹಾಗೆ ನಂಬದವನಿಗೆ ಅವನ ಆತ್ಮವೇ ಸಾಕ್ಷಿ. ಅವನ ಹೊಣೆ ಅದರಿಂದ ಹಗುರಾಗದು, ಇನ್ನೂ ಭಾರವಾಗುತ್ತದೆ. ಗುಡಿಯಲ್ಲಾಗಲಿ ಬಸದಿಯಲ್ಲಾಗಲಿ ಚರ್ಚಿನಲ್ಲಾಗಲಿ, ಹತ್ತು ಜನರೆದುರು ಆಡಿದ ಹಾರೈಕೆಯು ವಾಗ್ದಾನವೇ ಸರಿ. ಅದು ಸಲ್ಲಿಕೆಯಾಯಿತೇ ಇಲ್ಲವೇ ಎಂಬುದನ್ನು ಹೊಸ್ತಿಲು ದಾಟಿದ ಮೇಲೆ ಮೊದಲು ಎದುರಾಗುವ ಮನುಷ್ಯನೊಡನೆ ನಡೆದುಕೊಳ್ಳುವ ರೀತಿಯೇ ತಿಳಿಸುತ್ತದೆ.