ಎಲ್ಲ ಸಂಕಟಕ್ಕೂ ಸೂತಕವಿಲ್ಲ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಊರುಗಳಲ್ಲಿ ವರ್ಷದೊಳಗೆ ಸಾವು ಕಂಡ ಮನೆಯವರು ಹಬ್ಬಕ್ಕೆ ಕರಿಯಲು ಒಲೆಯ ಮೇಲೆ ಎಣ್ಣೆ ಇಡುವುದಿಲ್ಲ. ‘ಈ ಸಲ ನಮ್ಮನ್ಯಾಗ ಹಬ್ಬ ಇಲ್ರೀ’ ಅಂದರೆ ಮುಗಿಯಿತು, ಯಾರೂ ಕೆದಕುವುದಿಲ್ಲ. ನೆಂಟರು, ನೆರೆಯವರು ತಾವಾಗಿಯೇ ಹೋಳಿಗೆ, ಕರ್ಚಿಕಾಯಿ ತಂದುಕೊಡುತ್ತಾರೆ. ನೊಂದವರು ನಗಲೇಬೇಕೆಂಬ ಬಲವಂತವಿಲ್ಲ; ಹಾಗೆಂದು ಅವರನ್ನು ಒಂಟಿಯಾಗಿ ಬಿಡುವುದೂ ಇಲ್ಲ.

ಈ ವಿನಾಯಿತಿ ಸಾವಿಗೆ ಮಾತ್ರ. ಉಳಿದ ಸಂಕಟಗಳಿಗೆ ಸೂತಕವಿಲ್ಲ. ಶ್ರಾವಣದ ಪಂಚಮಿ ಬಂದಾಗ ಗೋವಿನಜೋಳ ಇನ್ನೂ ಹೊಲದಲ್ಲಿರುತ್ತದೆ, ಬೀಜ-ಗೊಬ್ಬರದ ಉದ್ರಿ ಅಂಗಡಿಯ ಪುಸ್ತಕದಲ್ಲಿರುತ್ತದೆ. ಆದರೂ ಮಗಳನ್ನು ಕರೆತರಬೇಕು, ಉಂಡಿ ಕಟ್ಟಬೇಕು, ಉಡಿ ತುಂಬಿ ಕಳಿಸಬೇಕು. ತವರಿನಿಂದ ಕರೆಯಲು ಯಾರೂ ಬಾರದ ಸೊಸೆ ಓಣಿಯ ಜೋಕಾಲಿ ಕಡೆ ಹಾಯುವುದಿಲ್ಲ. ದೀಪಾವಳಿ ಹೊತ್ತಿಗೆ ಫಸಲು ಕೈಗೆ ಬರುತ್ತದೆ. ದರ ಬಿದ್ದಿದ್ದರೆ ಬಂದೂ ಬಾರದ ಹಾಗೆ. ಅಗಸಿಯಲ್ಲಿ ಹೋರಿ ಬೆದರಿಸುವವರ ಕೇಕೆ ಏಳುವಾಗ, ಕೆಲಸ ಕಳೆದುಕೊಂಡು ಬೆಂಗಳೂರಿನಿಂದ ಬಂದ ಹುಡುಗನಿಗೆ ‘ಪಗಾರ ಎಷ್ಟಪಾ?’ ಎಂಬ ಪ್ರಶ್ನೆ ತಪ್ಪುವುದಿಲ್ಲ. ಊರೆಲ್ಲ ಸಡಗರದಲ್ಲಿರುವಾಗ ತನ್ನ ಮನಸ್ಸೊಂದೇ ಸರಿಯಿಲ್ಲ ಎಂಬ ನಾಚಿಕೆ, ಇದ್ದ ಸಂಕಟಕ್ಕಿಂತ ಹೆಚ್ಚು ಕಾಡುತ್ತದೆ.

ಸತ್ತವರ ಮನೆಗೆ ಕೊಡುವ ಮರ್ಯಾದೆಯನ್ನು ಬದುಕಿದ್ದು ಬಳಲುತ್ತಿರುವವರಿಗೂ ಕೊಡಬೇಕು. ‘ಈ ವರ್ಷ ನಮ್ಮ ಹಬ್ಬ ಸಣ್ಣದು’ ಎಂದವರನ್ನು ಕಾರಣ ಕೇಳಬೇಕಿಲ್ಲ. ಸಾಲ ತಂದು ಐದು ಬಗೆ ಉಂಡಿ ಕಟ್ಟುವ ಬದಲು ಒಂದೇ ಬಗೆ ಕಟ್ಟಿದರೆ ನಾಗಪ್ಪನೇನೂ ಮುನಿಯುವುದಿಲ್ಲ. ಮಂಕಾಗಿ ಮೂಲೆ ಹಿಡಿದವರನ್ನು ಎಲ್ಲರೆದುರು ‘ಯಾಕ ಹಿಂಗದೀ?’ ಎನ್ನುವುದಕ್ಕಿಂತ, ಪಕ್ಕದಲ್ಲಿ ಕೂತು ‘ರಾತ್ರಿ ನಿದ್ದಿ ಬರ್ತೈತೇನು?’ ಎಂದು ಕೇಳಿದರೆ ಮಾತು ಹೊರಡುತ್ತದೆ.

ಊಟ, ನಿದ್ದೆ ವಾರಗಟ್ಟಲೆ ಕೆಟ್ಟಿದ್ದರೆ, ‘ನಾನಿದ್ದೇನು ಮಾಡೋದೈತಿ’ ಎಂಬ ಮಾತು ಬಂದರೆ, ಹಬ್ಬ ಮುಗಿಯಲಿ ಎಂದು ಕಾಯಬಾರದು. ಅಂಥವರನ್ನು ಒಬ್ಬರೇ ಬಿಡಬಾರದು. ಬೆಳೆಗೆ ಹೊಡೆಯುವ ಔಷಧ ಮನೆಯಲ್ಲಿದ್ದರೆ ಕೀಲಿ ಹಾಕಿ ಇಡಬೇಕು. ಮಾನಸಿಕ ಆರೋಗ್ಯಕ್ಕೆಂದೇ ಇರುವ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಬ್ಬದ ದಿನವೂ, ನಡುರಾತ್ರಿಯಲ್ಲೂ ಅಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಕಿಲ್ಲ. ಮನೋರೋಗ ತಜ್ಞರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬಂದು ನೋಡುವ ‘ಮನೋಚೈತನ್ಯ’ ಕಾರ್ಯಕ್ರಮವೂ ರಾಜ್ಯದಲ್ಲಿದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಬರುತ್ತಾರೆಂದು ಆಶಾ ಕಾರ್ಯಕರ್ತೆಯನ್ನು ಕೇಳಿಕೊಳ್ಳಿ. ಜ್ವರಕ್ಕೆ ಚೀಟಿ ಮಾಡಿಸುವ ಆಸ್ಪತ್ರೆಯಲ್ಲೇ ಮನಸ್ಸಿಗೂ ಚೀಟಿ ಮಾಡಿಸಬಹುದು. ಹಬ್ಬಕ್ಕೆಂದು ಊರಿಗೆ ಬಂದ ಅಣ್ಣನೋ ಅಳಿಯನೋ ಒಂದು ದಿನ ಹೆಚ್ಚಿಗೆ ಉಳಿದು ಜೊತೆಗೆ ಹೋದರೆ, ಹೊಸ ಬಟ್ಟೆ ತಂದದ್ದಕ್ಕಿಂತ ಅದೇ ಹೆಚ್ಚು.