ಎರಡು ಖರ್ಜೂರ, ನಾಲ್ಕು ಕಾರು

ಐವತ್ತು ಲಕ್ಷ ರೂಪಾಯಿಯ ಆಸುಪಾಸಿನಲ್ಲಿ ಹೊಸ ಕಾರು ಕೊಳ್ಳಲು ಹೊರಟ ಮನೆಯಲ್ಲಿ ನಾಲ್ಕು ಹೆಸರು ಮತ್ತೆ ಮತ್ತೆ ಕೇಳಿಬರುತ್ತವೆ: ಬಿಎಂಡಬ್ಲ್ಯು ಎಕ್ಸ್‌1, ಔಡಿ ಕ್ಯೂ3, ಮರ್ಸಿಡಿಸ್ ಬೆಂಜ್ ಜಿಎಲ್‌ಎ, ವೋಲ್ವೊ ಎಕ್ಸ್‌ಸಿ40. ಗಾತ್ರದಲ್ಲಿ ಚಿಕ್ಕವು, ಹೆಸರಿನಲ್ಲಿ ದೊಡ್ಡವು. ರಾತ್ರಿ ಊಟವಾದ ಮೇಲೆ ಮನೆಮಂದಿ ವಿಮರ್ಶೆಯ ವಿಡಿಯೊ ಹಾಕಿಕೊಂಡು ಕೂರುತ್ತಾರೆ. ಮಗ ಕೋಷ್ಟಕ ಮಾಡುತ್ತಾನೆ, ಅಪ್ಪ ಸಹೋದ್ಯೋಗಿಗಳನ್ನು ವಿಚಾರಿಸುತ್ತಾನೆ, ಭಾವಮೈದುನನೊಬ್ಬ ತಾನು ಕೊಂಡದ್ದೇ ಸರಿ ಎಂದು ವಾದಿಸುತ್ತಾನೆ. ಕೋಷ್ಟಕ ಉದ್ದವಾಗುತ್ತದೆ, ತೀರ್ಮಾನ ಮಾತ್ರ ಮುಂದಕ್ಕೆ ಹೋಗುತ್ತಲೇ ಇರುತ್ತದೆ.

ಮಾಹಿತಿ ಸಾಲದೆ ಹೀಗಾಗುತ್ತದೆ ಎಂದು ಎಲ್ಲರೂ ಭಾವಿಸುತ್ತಾರೆ. ಆದರೆ ಈ ಇಕ್ಕಟ್ಟು ಕಾರಿಗಿಂತ ಬಹಳ ಹಳೆಯದು. ಸರಿಸಮ ಎನ್ನಿಸುವ ಎರಡು ವಸ್ತುಗಳಲ್ಲಿ ಒಂದನ್ನು ಮನುಷ್ಯ ಯಾವ ಆಧಾರದ ಮೇಲೆ ಆರಿಸಿಕೊಳ್ಳುತ್ತಾನೆ ಎಂಬುದು ಧರ್ಮಶಾಸ್ತ್ರಜ್ಞರೂ ದಾರ್ಶನಿಕರೂ ಶತಮಾನಗಳ ಕಾಲ ಜಗಳವಾಡಿದ ಪ್ರಶ್ನೆ.

ಮೊದಲು ಈ ಕಾರುಗಳು ಎಷ್ಟರಮಟ್ಟಿಗೆ ಸರಿಸಮ ಎಂಬುದನ್ನು ನೋಡಬೇಕು. 2021ರಲ್ಲಿ ಭಾರತಕ್ಕೆ ಬಂದ ಎರಡನೇ ತಲೆಮಾರಿನ ಜಿಎಲ್‌ಎಯ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2,729 ಮಿಲಿಮೀಟರ್. 2022ರ ಎರಡನೇ ತಲೆಮಾರಿನ ಕ್ಯೂ3ಯದು 2,680. 2023ರ ಜನವರಿಯಲ್ಲಿ ಬಿಡುಗಡೆಯಾದ ಮೂರನೇ ತಲೆಮಾರಿನ ಎಕ್ಸ್‌1ರದು 2,692, ಎಕ್ಸ್‌ಸಿ40ಯದು 2,702. ಅತಿ ಉದ್ದದ್ದಕ್ಕೂ ಅತಿ ಗಿಡ್ಡದ್ದಕ್ಕೂ ನಡುವೆ ಇರುವುದು 49 ಮಿಲಿಮೀಟರ್, ಹೆಚ್ಚುಕಡಿಮೆ ಒಂದು ಬೆಂಕಿಪೊಟ್ಟಣದ ಉದ್ದ. ಯುರೋಪಿನ ಅಪಘಾತ ಪರೀಕ್ಷಾ ಸಂಸ್ಥೆ ಯುರೋ ಎನ್‌ಕ್ಯಾಪ್ ಈ ನಾಲ್ಕಕ್ಕೂ ಐದಕ್ಕೆ ಐದು ಸ್ಟಾರ್ ಕೊಟ್ಟಿದೆ. ಬೆಲೆಯೂ ಒಂದರ ಹಿಂದೆ ಒಂದು ನಡೆಯುತ್ತದೆ.

ಬಾನೆಟ್ಟಿನ ಕೆಳಗೆ ವ್ಯತ್ಯಾಸಗಳಿವೆ, ಇಲ್ಲವೆನ್ನುವುದು ಸುಳ್ಳಾಗುತ್ತದೆ. ಎಕ್ಸ್‌1ರ ಪೆಟ್ರೋಲ್ ಮಾದರಿಯದು ಮೂರು ಸಿಲಿಂಡರಿನ 1.5 ಲೀಟರ್ ಎಂಜಿನ್, 136 ಅಶ್ವಶಕ್ತಿ. ಕ್ಯೂ3ಯದು ನಾಲ್ಕು ಸಿಲಿಂಡರಿನ 2 ಲೀಟರ್, 190 ಅಶ್ವಶಕ್ತಿ, ಜೊತೆಗೆ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕ್ವಾಟ್ರೊ ವ್ಯವಸ್ಥೆ. ಎಕ್ಸ್‌ಸಿ40ಯ ವಿದ್ಯುತ್ ಮಾದರಿಯನ್ನು 2022ರಲ್ಲಿ ಬೆಂಗಳೂರಿನ ಹೊರವಲಯದ ಹೊಸಕೋಟೆಯಲ್ಲೇ ಜೋಡಿಸತೊಡಗಿದರು. ಇನ್ನು ಜಿಎಲ್‌ಎ 200ರಲ್ಲಿರುವುದು 1,332 ಸಿಸಿಯ ಟರ್ಬೊ ಪೆಟ್ರೋಲ್ ಎಂಜಿನ್, 163 ಅಶ್ವಶಕ್ತಿ. ಈ ಎಂಜಿನ್ನಿನ ಹಿಂದೆ ಗಮನಿಸಬೇಕಾದ ಸಂಗತಿಯೊಂದಿದೆ. ಮರ್ಸಿಡಿಸ್‌ನ ಮಾತೃಸಂಸ್ಥೆ ಇದನ್ನು ರೆನೊ-ನಿಸಾನ್ ಕೂಟದ ಜೊತೆ ಸೇರಿ ರೂಪಿಸಿತು. ಇದೇ ಕುಟುಂಬದ 1.3 ಲೀಟರ್ ಎಂಜಿನ್ 2020ರಲ್ಲಿ ಭಾರತದ ರಸ್ತೆಗೆ ಇಳಿದ ರೆನೊ ಡಸ್ಟರ್ ಟರ್ಬೊದಲ್ಲೂ ಇತ್ತು, ಜಿಎಲ್‌ಎಯ ಬೆಲೆಯ ಮೂರನೇ ಒಂದು ಭಾಗಕ್ಕಿಂತ ಕಡಿಮೆಗೆ. ಕ್ಯೂ3ಯ 2 ಲೀಟರ್ ಎಂಜಿನ್ನಿನ ಬಂಧುಗಳು ಸ್ಕೋಡಾ ಸುಪರ್ಬ್ ಮತ್ತು ಕೊಡಿಯಾಕ್‌ನಲ್ಲಿವೆ. ಎಕ್ಸ್‌1 ತನ್ನ ತಳಪಾಯವನ್ನು ಮಿನಿ ಕಂಟ್ರಿಮನ್ ಜೊತೆ ಹಂಚಿಕೊಂಡಿದೆ. ವೋಲ್ವೊ 2010ರಿಂದ ಚೀನಾದ ಗೀಲಿ ಕಂಪನಿಯ ಒಡೆತನದಲ್ಲಿದೆ, ಎಕ್ಸ್‌ಸಿ40ಯ ತಳಪಾಯ ಗೀಲಿಯ ಇತರ ಕಾರುಗಳಿಗೂ ಆಧಾರ.

ಹಾಗೆಂದು ಜಿಎಲ್‌ಎಯೂ ಡಸ್ಟರೂ ಒಂದೇ ಎಂದಲ್ಲ. ಗೇರ್‌ಬಾಕ್ಸ್, ಸಸ್ಪೆನ್ಷನ್, ಏರ್‌ಬ್ಯಾಗುಗಳ ಸಂಖ್ಯೆ, ಒಳಗಿನ ನಿಶ್ಶಬ್ದ ಎಲ್ಲವೂ ಬೇರೆ. ಆದರೆ ಬಾನೆಟ್ಟಿನ ಮೇಲಿನ ಲಾಂಛನವನ್ನೇ ಕಾರಿನ ಸ್ವಭಾವವೆಂದು ನಂಬಿದವರು ಈ ನಂಟುಗಳನ್ನು ಒಮ್ಮೆ ತಿಳಿದುಕೊಳ್ಳಬೇಕು.

ಬಿಎಂಡಬ್ಲ್ಯು ಅಭಿಮಾನಿಗಳು ಹಿಂಚಕ್ರ ಚಾಲನೆಯನ್ನು ಬಹುಕಾಲ ಸಿದ್ಧಾಂತವೆಂಬಂತೆ ಕಾಪಾಡಿಕೊಂಡು ಬಂದರು. 2009ರ ಮೊದಲ ಎಕ್ಸ್‌1 ಹಿಂಚಕ್ರ ಚಾಲನೆಯ ತಳಪಾಯದ ಮೇಲೆ ನಿಂತಿತ್ತು, 2015ರ ಎರಡನೇ ತಲೆಮಾರು ಮುಂಚಕ್ರ ಚಾಲನೆಗೆ ಬದಲಾಯಿತು. ಇದಕ್ಕೆ ದಾರಿ ಮಾಡಿದ ಕಾರಣವನ್ನು ಕಂಪನಿಯ ಆಗಿನ ಮುಖ್ಯಸ್ಥ ನಾರ್ಬರ್ಟ್ ರೈಟ್‌ಹೋಫರ್ 2010ರಲ್ಲೇ ಹೇಳಿದ್ದರು: ಹಿಂಚಕ್ರ ಚಾಲನೆಯ 1 ಸೀರಿಸ್ ಕಾರು ಓಡಿಸುತ್ತಿದ್ದವರಲ್ಲಿ ಶೇ 80ರಷ್ಟು ಮಂದಿ ತಮ್ಮದು ಮುಂಚಕ್ರ ಚಾಲನೆಯ ಕಾರೆಂದೇ ನಂಬಿದ್ದರು. ಜನ ಯಾವ ಭೇದಕ್ಕಾಗಿ ವಾದಿಸುತ್ತಾರೋ ಆ ಭೇದ ಸ್ವತಃ ಓಡಿಸುವವರ ಕೈಗೂ ಕಾಲಿಗೂ ತಿಳಿದಿರಲಿಲ್ಲ.

ಹಾಗಾದರೆ ಆಯ್ಕೆ ನಡೆಯುವುದು ಹೇಗೆ?

ಹನ್ನೊಂದನೇ ಶತಮಾನದ ಕೊನೆಯಲ್ಲಿ ಬಗ್ದಾದಿನ ಪ್ರಸಿದ್ಧ ನಿಜಾಮಿಯಾ ವಿದ್ಯಾಪೀಠದಲ್ಲಿ ಪಾಠ ಹೇಳುತ್ತಿದ್ದ ಅಲ್ ಗಜಾಲಿ ಈ ಪ್ರಶ್ನೆಯನ್ನು ಎದುರಿಸಬೇಕಾಯಿತು. ವಿಷಯ ಕಾರಿನಷ್ಟು ಸಣ್ಣದಾಗಿರಲಿಲ್ಲ, ಜಗತ್ತಿನ ಸೃಷ್ಟಿಯದು. ಅರಿಸ್ಟಾಟಲನ ಹಾದಿ ಹಿಡಿದಿದ್ದ ದಾರ್ಶನಿಕರು ಹೀಗೆ ವಾದಿಸುತ್ತಿದ್ದರು: ದೇವರು ಜಗತ್ತನ್ನು ಯಾವುದೋ ಒಂದು ಕ್ಷಣದಲ್ಲಿ ಸೃಷ್ಟಿಸಿದ ಎನ್ನುವುದಾದರೆ ಆ ಕ್ಷಣವೇ ಏಕೆ? ಅದಕ್ಕೂ ಹಿಂದಿನ ಕ್ಷಣಕ್ಕೂ ಯಾವ ಭೇದವೂ ಇಲ್ಲ. ಸಮಾನವಾದವುಗಳಲ್ಲಿ ಒಂದನ್ನು ಆರಿಸಲು ಕಾರಣವೇ ಇಲ್ಲದ ಮೇಲೆ ಸೃಷ್ಟಿ ಎಂಬ ಘಟನೆ ನಡೆದೇ ಇಲ್ಲ, ಜಗತ್ತು ಅನಾದಿ. ಗಜಾಲಿ ಇದನ್ನು ಒಪ್ಪಲಿಲ್ಲ. ಒಬ್ಬನ ಮುಂದೆ ಒಂದೇ ಥರದ ಎರಡು ಖರ್ಜೂರಗಳಿವೆ ಎಂದುಕೊಳ್ಳಿ ಎಂದರು. ಬಣ್ಣ, ಗಾತ್ರ, ದೂರ ಎಲ್ಲವೂ ಸಮ. ಎರಡನ್ನೂ ತೆಗೆದುಕೊಳ್ಳುವಂತಿಲ್ಲ. ಹಸಿವಂತೂ ಜೋರಾಗಿದೆ. ಅವನು ಕಾರಣ ಹುಡುಕುತ್ತ ಕೂರುತ್ತಾನೆಯೇ? ಇಲ್ಲ, ಒಂದನ್ನು ಎತ್ತಿಕೊಳ್ಳುತ್ತಾನೆ. ಸಮಾನವಾದ ಎರಡರಲ್ಲಿ ಒಂದನ್ನು ಬೇರ್ಪಡಿಸಿ ಹಿಡಿಯುವುದೇ ಇಚ್ಛೆಯ ಗುಣ ಎಂಬುದು ಗಜಾಲಿಯ ಉತ್ತರ.

ಕಾರಿನ ಅಂಗಡಿಯಲ್ಲಿ ನಿಂತವರಿಗೆ ಈ ಉತ್ತರ ನೆಮ್ಮದಿ ಕೊಡುತ್ತದೆ. ಮನಸ್ಸಿಗೆ ಬಂದದ್ದನ್ನು ಕೊಂಡರಾಯಿತು, ಸಮರ್ಥನೆ ಬೇಕಿಲ್ಲ. ಆದರೆ ಸುಮಾರು ಒಂದು ಶತಮಾನದ ನಂತರ ಸ್ಪೇನಿನ ಕಾರ್ಡೋಬಾದಲ್ಲಿ ಹುಟ್ಟಿದ ಇಬ್ನ್ ರುಶ್ದ್ ಎಂಬ ನ್ಯಾಯಾಧೀಶ, ವೈದ್ಯ, ದಾರ್ಶನಿಕ ಈ ಖರ್ಜೂರದ ಉದಾಹರಣೆಯನ್ನೇ ಎತ್ತಿಕೊಂಡು ಗಜಾಲಿಯ ಲೆಕ್ಕದಲ್ಲಿದ್ದ ತಪ್ಪನ್ನು ತೋರಿಸಿದರು. ಆ ಹಸಿದ ಮನುಷ್ಯ ಈ ಖರ್ಜೂರವನ್ನು ಆ ಖರ್ಜೂರಕ್ಕಿಂತ ಮೇಲೆಂದು ಆರಿಸಿಕೊಳ್ಳುತ್ತಲೇ ಇಲ್ಲ ಎಂದರು. ಅವನ ಹಸಿವಿಗೆ ಎರಡೂ ಒಂದೇ. ಅವನು ನಿಜವಾಗಿ ಆರಿಸಿಕೊಂಡದ್ದು ಬಿಡುವುದಕ್ಕಿಂತ ತೆಗೆದುಕೊಳ್ಳುವುದನ್ನು, ಉಪವಾಸಕ್ಕಿಂತ ಊಟವನ್ನು. ಆ ಎರಡರ ನಡುವೆ ಇರುವುದು ಅಪಾರ ಭೇದ, ಅದಕ್ಕೆ ಕಾರಣವೂ ಸ್ಪಷ್ಟ.

ಈ ವಾದ ಸೃಷ್ಟಿಯ ಪ್ರಶ್ನೆಯನ್ನು ಬಗೆಹರಿಸುತ್ತದೆಯೇ ಎಂಬುದು ಬೇರೆ ಮಾತು. ಕಾರಿನ ಪ್ರಶ್ನೆಯ ಮೇಲಂತೂ ಇದು ನೇರವಾಗಿ ಬೆಳಕು ಹಾಯಿಸುತ್ತದೆ. ಎಕ್ಸ್‌1ಓ ಕ್ಯೂ3ಯೋ ಎಂದು ತಲೆಕೆಡಿಸಿಕೊಂಡ ಮನೆ ಸಣ್ಣ ಪ್ರಶ್ನೆಗೆ ರಾತ್ರಿಗಟ್ಟಲೆ ಸಮಯ ಕೊಟ್ಟು, ದೊಡ್ಡ ಪ್ರಶ್ನೆಗೆ ಒಂದು ಸಂಜೆಯನ್ನೂ ಕೊಟ್ಟಿರುವುದಿಲ್ಲ. ಇಷ್ಟು ಬೆಲೆಯ ಕಾರು ಬೇಕೇ? ಯಾವ ಕೆಲಸಕ್ಕೆ? ಎಷ್ಟು ವರ್ಷಕ್ಕೆ? ಕರ್ನಾಟಕದಲ್ಲಿ 20 ಲಕ್ಷ ರೂಪಾಯಿಗಿಂತ ಹೆಚ್ಚು ಬೆಲೆಯ ಪೆಟ್ರೋಲ್, ಡೀಸೆಲ್ ಕಾರಿಗೆ ಜೀವಿತಾವಧಿ ತೆರಿಗೆಯೇ ಶೇ 18. ಶೋರೂಮಿನಲ್ಲಿ 50 ಲಕ್ಷ ಎಂದದ್ದು ತೆರಿಗೆ, ವಿಮೆ ಸೇರಿ ರಸ್ತೆಗಿಳಿಯುವಾಗ 60 ಲಕ್ಷ ದಾಟಿರುತ್ತದೆ. ನಾಲ್ಕು ಕಾರುಗಳ ನಡುವಿನ ಬೆಲೆಯ ವ್ಯತ್ಯಾಸಕ್ಕಿಂತ ಕೊಳ್ಳುವುದಕ್ಕೂ ಬಿಡುವುದಕ್ಕೂ ನಡುವಿನ ವ್ಯತ್ಯಾಸ ಎಷ್ಟೋ ಪಟ್ಟು ದೊಡ್ಡದು. ಕೋಷ್ಟಕದಲ್ಲಿ ಆ ಸಾಲು ಇರುವುದೇ ಇಲ್ಲ.

ಆ ಸಾಲನ್ನು ಬರೆಯುವುದು ಹೇಗೆಂದು ಹೇಳಿಕೊಟ್ಟ ಒಬ್ಬರು ಕನ್ನಡದ ಓದುಗರಿಗೆ ಹತ್ತಿರದವರೇ ಆಗಿದ್ದಾರೆ. ಹಳಗನ್ನಡದ ಜೈನ ಕವಿಗಳು ಕಾವ್ಯದ ಆರಂಭದಲ್ಲಿ ನಮಿಸುತ್ತಿದ್ದ ಸಮಂತಭದ್ರ ಆಚಾರ್ಯರು ಅನೇಕಾಂತವಾದವನ್ನು ತರ್ಕದ ನೆಲೆಯಲ್ಲಿ ಗಟ್ಟಿಯಾಗಿ ನಿಲ್ಲಿಸಿದ 'ಆಪ್ತಮೀಮಾಂಸೆ'ಯ ಕರ್ತೃ. ಗೃಹಸ್ಥರ ಆಚಾರವನ್ನು ವಿವರಿಸುವ 150 ಶ್ಲೋಕಗಳ 'ರತ್ನಕರಂಡಕ ಶ್ರಾವಕಾಚಾರ'ವೂ ಅವರದೇ ಹೆಸರಿನಲ್ಲಿದೆ. ಒಂದು ಕೃತಿ ನೋಡುವ ಬಗೆಯನ್ನು ಕಲಿಸಿದರೆ ಇನ್ನೊಂದು ಬದುಕುವ ಬಗೆಯನ್ನು ಕಲಿಸುತ್ತದೆ. ಕಾರು ಕೊಳ್ಳುವವರಿಗೆ ಎರಡೂ ಬೇಕು.

ಅನೇಕಾಂತದ ಪ್ರಕಾರ ವಸ್ತುವಿಗೆ ಅನೇಕ ಧರ್ಮಗಳಿವೆ, ಒಂದೊಂದು ದೃಷ್ಟಿಕೋನಕ್ಕೂ ಅದರಲ್ಲಿ ಒಂದೊಂದು ಮುಖ ಕಾಣುತ್ತದೆ. ಈ ದೃಷ್ಟಿಕೋನವನ್ನು ಜೈನರು ನಯ ಎನ್ನುತ್ತಾರೆ. ನಯ ತನ್ನ ಮಿತಿಯೊಳಗೆ ನಿಜ. ತಾನೇ ಪೂರ್ಣಸತ್ಯ ಎಂದು ಹಟ ಹಿಡಿದಾಗ ಅದು ದುರ್ನಯವಾಗುತ್ತದೆ. ಮಳೆಗಾಲದಲ್ಲಿ ವಾರವಾರವೂ ಆಗುಂಬೆ ಘಾಟಿ ಇಳಿಯುವವರ ನಯದಲ್ಲಿ ಕ್ವಾಟ್ರೊಗೆ ಬೆಲೆಯಿದೆ. ಎಲೆಕ್ಟ್ರಾನಿಕ್ ಸಿಟಿಗೂ ಮಲ್ಲೇಶ್ವರಕ್ಕೂ ನಡುವೆ ಬಂಪರಿಗೆ ಬಂಪರ್ ತಾಗಿಸಿಕೊಂಡು ಸಾಗುವವರಿಗೆ ಅದು ಹೊತ್ತು ತಿರುಗುವ ಭಾರ ಮಾತ್ರ. ಮಂಡಿನೋವಿನ ಅಜ್ಜಿಗೆ ಬೇಕಾದದ್ದು ಸೀಟಿನ ಎತ್ತರ, ಬಾಗಿಲು ಎಷ್ಟು ಅಗಲ ತೆರೆಯುತ್ತದೆ ಎಂಬುದು. ಹಿಂದಿನ ಸಾಲಿನ ನಡುವೆ ಕೂರುವ ಮಗುವಿಗೆ ಕಾಲಿನ ಬಳಿ ಏಳುವ ದಿಬ್ಬವೇ ಮುಖ್ಯ. ಬಳ್ಳಾರಿಯಲ್ಲೋ ಶಿವಮೊಗ್ಗದಲ್ಲೋ ಇರುವವರಿಗೆ ಸರ್ವಿಸ್ ಸೆಂಟರ್ ಎಷ್ಟು ದೂರ ಎಂಬುದೇ ಮೊದಲ ಪ್ರಶ್ನೆ. ಇಷ್ಟೆಲ್ಲವನ್ನೂ ಕೂಡಿಸಿ ಹತ್ತಕ್ಕೆ ಎಂಟೂವರೆ ಎಂದು ಅಂಕ ಕೊಡುವ ವಿಮರ್ಶೆ ಒಬ್ಬರ ನಯವನ್ನು ಎಲ್ಲರ ಮೇಲೂ ಹೇರುತ್ತದೆ. ಅಂಥ ಅಂಕ ನೋಡಿ ಕಾರು ಕೊಳ್ಳಬಾರದು.

ಎರಡನೆಯ ಪಾಠ ಇನ್ನೂ ಗಂಭೀರವಾದದ್ದು. ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣ ಎಂಬ ವ್ರತವೊಂದಿದೆ. ಅನ್ನದಂತೆ ಒಂದೇ ಸಲ ಅನುಭವಿಸಿ ಮುಗಿಯುವುದು ಭೋಗ, ಬಟ್ಟೆಯಂತೆ ಮತ್ತೆ ಮತ್ತೆ ಬಳಸುವುದು ಉಪಭೋಗ. ಎರಡಕ್ಕೂ ಗೃಹಸ್ಥ ತಾನೇ ಅಳತೆ ಹಾಕಿಕೊಳ್ಳಬೇಕು. ಯಾವ ಯಾವ ವಿಷಯಗಳಲ್ಲಿ ಎಂಬ ಪಟ್ಟಿಯನ್ನೂ ಆಚಾರ್ಯರು ಕೊಡುತ್ತಾರೆ. ಊಟ, ಹಾಸಿಗೆ, ಸ್ನಾನ, ಹೂವು, ತಾಂಬೂಲ, ಬಟ್ಟೆ, ಒಡವೆ, ಸಂಗೀತ ಇವುಗಳ ನಡುವೆ ವಾಹನವೂ ಇದೆ, ಅದೂ ಊಟದ ಪಕ್ಕದಲ್ಲೇ. ಕಾಲದ ಲೆಕ್ಕವೂ ಅಷ್ಟೇ ಖಚಿತ. ಒಂದು ಹಗಲು, ಒಂದು ರಾತ್ರಿ, ಒಂದು ಪಕ್ಷ, ಒಂದು ತಿಂಗಳು, ಒಂದು ಋತು, ಆರು ತಿಂಗಳ ಅಯನ, ಇವುಗಳಲ್ಲಿ ತನಗೆ ಸಾಧ್ಯವಾದ ಅವಧಿಗೆ ಮಿತಿ ಹಾಕಿಕೊಂಡರೆ ಅದು ನಿಯಮ. ಬದುಕಿಡೀ ಹಾಕಿಕೊಂಡರೆ ಯಮ.

ಇದು ಸನ್ಯಾಸಿಗೆ ಹೇಳಿದ ಮಾತಲ್ಲ ಎಂಬುದನ್ನು ಗಮನಿಸಬೇಕು. ಮುನಿಯಾದವನಿಗೆ ವಾಹನದ ಮಾತೇ ಇಲ್ಲ, ಅವನು ಬರಿಗಾಲಲ್ಲಿ ನಡೆಯುತ್ತಾನೆ. ಈ ವ್ರತ ಸಂಸಾರ ನಡೆಸುವವರಿಗೆ, ವ್ಯಾಪಾರ ಮಾಡುವವರಿಗೆ, ಹಣವಿರುವವರಿಗೆ. ವಾಹನ ಬೇಡ ಎಂದು ಇದು ಹೇಳುವುದಿಲ್ಲ. ಆಸೆ ಕಣ್ಣಮುಂದೆ ಬಂದು ನಿಲ್ಲುವ ಮೊದಲೇ ಅಳತೆ ಗೊತ್ತುಮಾಡಿಕೊಳ್ಳಬೇಕು ಎನ್ನುತ್ತದೆ.

ಇಲ್ಲಿ ನಮ್ಮ ರೂಢಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಕರ್ನಾಟಕದಲ್ಲಿ ಹೊಸ ಕಾರು ಬಂದ ದಿನ ದೇವಸ್ಥಾನದ ಮುಂದೆ ನಿಲ್ಲುತ್ತದೆ. ಹೂವಿನ ಹಾರ ಬೀಳುತ್ತದೆ, ಚಕ್ರದಡಿ ನಿಂಬೆಹಣ್ಣು ಇಡುತ್ತಾರೆ, ಆಯುಧಪೂಜೆಗೆ ಕುಂಬಳಕಾಯಿ ಒಡೆಯುತ್ತಾರೆ. ಆ ಪೂಜೆಯಲ್ಲಿ ಅಪಘಾತದ ಭಯವಿದೆ, ಕೃತಜ್ಞತೆಯಿದೆ, ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಅಲ್ಲಿ ಧರ್ಮ ಪ್ರವೇಶಿಸುವುದು ಹಣ ಕಟ್ಟಿ, ಕೀಲಿಕೈ ಕೈಗೆ ಬಂದ ಮೇಲೆ. ಸಮಂತಭದ್ರರ ವ್ರತದಲ್ಲಿ ಧರ್ಮ ಕೊಳ್ಳುವ ಮೊದಲೇ ಬಂದು ಕೂರುತ್ತದೆ. ನಮಗೆ ಈಗ ಹೆಚ್ಚು ಬೇಕಾಗಿರುವುದು ಈ ಎರಡನೆಯದು.

ಗಟ್ಟಿಯಾದ ಆಕ್ಷೇಪವೊಂದು ಇದೆ. ಹಣವಿದ್ದವರು ದುಬಾರಿ ಕಾರು ಕೊಂಡರೆ ಹೊಸಕೋಟೆಯಲ್ಲಿ, ಚೆನ್ನೈಯಲ್ಲಿ, ಪುಣೆಯ ಚಾಕಣದಲ್ಲಿ ಜನರಿಗೆ ಕೆಲಸ ಸಿಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಮೇಲೆ ಶೇ 40ರ ಜಿಎಸ್‌ಟಿ ಇದೆ, ಆ ಹಣ ಸರ್ಕಾರದ ಬೊಕ್ಕಸ ಸೇರುತ್ತದೆ. ಜೊತೆಗೆ ಸುರಕ್ಷತೆ: ಒಳ್ಳೆಯ ಬ್ರೇಕು, ಗಟ್ಟಿ ದೇಹ, ಹೆಚ್ಚು ಏರ್‌ಬ್ಯಾಗು ಜೀವ ಉಳಿಸುತ್ತವೆ. ಇವೆಲ್ಲ ನಿಜ, ಸುರಕ್ಷತೆಯ ಮಾತಂತೂ ಪೂರ್ತಿ ನಿಜ. ಅದಕ್ಕೇ ಆ ಮಾತು ಮೊದಲು ಕೋಷ್ಟಕಕ್ಕೆ ಬರಲಿ, ಅದನ್ನು ದಾಟದ ಕಾರನ್ನು ಅಲ್ಲಿಯೇ ಬಿಡಲಿ. ಆದರೆ ತೆರಿಗೆ ಕಟ್ಟುವ ಉದ್ದೇಶದಿಂದ, ಕೆಲಸ ಸೃಷ್ಟಿಸುವ ಉದ್ದೇಶದಿಂದ ಯಾರೂ ಎಕ್ಸ್‌1 ಕೊಳ್ಳುವುದಿಲ್ಲ. ಆ ಕಾರಣಗಳು ಕೊಂಡ ಮೇಲೆ ಹುಟ್ಟುತ್ತವೆ. ಇಬ್ನ್ ರುಶ್ದ್ ಕೇಳುವುದು ಕೈ ಚಾಚುವ ಹೊತ್ತಿನಲ್ಲಿ ಮನಸ್ಸಿನೊಳಗೆ ಇದ್ದ ಕಾರಣವನ್ನು.

ಕಾರಣ ಗಟ್ಟಿಯಾಗಿದ್ದು ಅಳತೆಯೊಳಗೆ ಬಂದರೆ ಸಂಕೋಚವಿಲ್ಲದೆ ಕೊಳ್ಳಬೇಕು. ಆಗ ಗಜಾಲಿಯ ಮಾತೂ ಸಲ್ಲುತ್ತದೆ. ನಾಲ್ಕರಲ್ಲಿ ಮನಸ್ಸಿಗೆ ಹಿಡಿಸಿದ ಒಂದನ್ನು, ಬಣ್ಣ ಚೆನ್ನಾಗಿದೆ ಎಂಬಷ್ಟೇ ಕಾರಣಕ್ಕಾದರೂ, ಎತ್ತಿಕೊಂಡರೆ ತಪ್ಪಿಲ್ಲ, ಬಿಟ್ಟ ಮೂರಕ್ಕಾಗಿ ಕೊರಗುವ ಅಗತ್ಯವೂ ಇಲ್ಲ. ಅಳತೆಯೊಳಗೆ ಬರದಿದ್ದರೆ ಅರ್ಧ ಬೆಲೆಯ ಕಾರಿನ ಕಡೆ ನೋಡಬಹುದು, ಇರುವ ಕಾರಿಗೇ ಹೊಸ ಟೈರು ಹಾಕಿಸಬಹುದು.

ಹೊಸ ಕಾರಿನ ಯೋಚನೆಯಲ್ಲಿರುವವರಲ್ಲಿ ಒಂದು ವಿನಂತಿ. ಶೋರೂಮಿಗೆ ಫೋನ್ ಮಾಡುವ ಮುಂಚೆ ಒಂದು ಹಾಳೆಯಲ್ಲಿ ಮೂರು ವಿಷಯ ಬರೆದಿಡಿ: ರಸ್ತೆಗಿಳಿಯುವ ಒಟ್ಟು ಮೊತ್ತದ ಮಿತಿ, ಕಾರಿನಿಂದ ಆಗಬೇಕಾದ ಕೆಲಸ, ಅದನ್ನು ಬದಲಿಸದೆ ಇಟ್ಟುಕೊಳ್ಳುವ ವರ್ಷಗಳು. ಮನೆಯವರೆಲ್ಲ ಅದನ್ನು ಓದಿ ಒಪ್ಪಲಿ. ಟೆಸ್ಟ್ ಡ್ರೈವ್‌ಗೆ ಹೋಗುವಾಗ ಆ ಹಾಳೆ ಜೇಬಿನಲ್ಲಿರಲಿ, ಹಿಂದಿನ ಸೀಟಿನಲ್ಲಿ ಹೆಚ್ಚು ದಿನ ಕೂರಬೇಕಾದವರು ಜೊತೆಗಿರಲಿ.