ಒಂಬತ್ತನೆಯವನ ಸರಾಸರಿ

ಸಿರಿಗೆರೆಯಲ್ಲಿ ನಾವು ಟೆನಿಸ್ ಬಾಲ್ ಕ್ರಿಕೆಟ್ ಆಡುತ್ತಿದ್ದ ದಿನಗಳಲ್ಲಿ ಬ್ಯಾಟು ಯಾರದೋ ಅವನೇ ಓಪನರ್. ಚೆಂಡಿಗೆ ಹೆಚ್ಚು ದುಡ್ಡು ಹಾಕಿದವನು ಅವನ ಜೊತೆಗಾರ. ಆಮೇಲೆ ಇವರಿಬ್ಬರ ಗೆಳೆಯರು. ಉಳಿದವರು ಫೀಲ್ಡಿಂಗ್ ಮಾಡಲೆಂದೇ ಹುಟ್ಟಿದವರಂತೆ ಗೆರೆಯಾಚೆ ಕೂತಿರುತ್ತಿದ್ದರು. ನನಗೆ ಆಟ ಅಷ್ಟಕ್ಕಷ್ಟೆ, ಲೆಕ್ಕ ಇಷ್ಟ. ಒಂದು ಬೇಸಿಗೆ ರಜೆಯಲ್ಲಿ ನೋಟ್‌ಬುಕ್ಕಿಗೆ ಕಾಲಂ ಎಳೆದು ಪ್ರತಿಯೊಬ್ಬನ ರನ್ನು, ಆಡಿದ ಚೆಂಡು, ಔಟಾದ ಬಗೆ ಬರೆಯತೊಡಗಿದೆ. ಹತ್ತು ಪಂದ್ಯ ಮುಗಿದ ಮೇಲೆ ಸರಾಸರಿ ತೆಗೆದು, ಇನ್ನು ಮುಂದೆ ಬ್ಯಾಟಿಂಗ್ ಕ್ರಮ ಇದರ ಪ್ರಕಾರವೇ ಇರಲಿ ಎಂದೆ. ಆಶ್ಚರ್ಯವೆಂದರೆ ಎಲ್ಲರೂ ಒಪ್ಪಿದರು. ಬ್ಯಾಟಿನ ಮಾಲೀಕ ಐದನೆಯವನಾದ.

ಅದು ನ್ಯಾಯವೇ ಆಗಿತ್ತೆಂದು ಈಗಲೂ ನಂಬುತ್ತೇನೆ. ಯಾರ ಮಗ, ಯಾವ ಕೇರಿ ಎಂಬುದು ಅಂಕಿಗೆ ಗೊತ್ತಿರುವುದಿಲ್ಲ. ಅಂಕಿಅಂಶಕ್ಕೆ ಹೃದಯವಿಲ್ಲ ಎಂದು ಬೈಯುವ ಸಾಹಿತ್ಯದ ಗೆಳೆಯರಿಗೆ ನಾನು ಹೇಳುವುದಿಷ್ಟೆ: ಹೃದಯವಿದ್ದವರು ಮಾಡಿದ ಪಟ್ಟಿಯನ್ನೂ ನಾನು ನೋಡಿದ್ದೇನೆ.

ತೊಡಕಾದದ್ದು ಒಂಬತ್ತನೆಯವನಿಂದ. ಅವನು ಬರುವ ಹೊತ್ತಿಗೆ ಮೂರೋ ನಾಲ್ಕೋ ಚೆಂಡು ಉಳಿದಿರುತ್ತಿದ್ದವು. ಕಣ್ಣುಮುಚ್ಚಿ ಬೀಸಬೇಕು, ಬೀಸಿ ಔಟಾಗುತ್ತಿದ್ದ. ಸರಾಸರಿ ಇಳಿಯುತ್ತಿತ್ತು. ಆ ಇಳಿದ ಸರಾಸರಿಯನ್ನು ತೋರಿಸಿ ಮತ್ತೆ ಅವನನ್ನು ಒಂಬತ್ತಕ್ಕೇ ಇಳಿಸುತ್ತಿದ್ದೆ. ‘ನಾನು ಮೇಲೆ ಆಡಿದ್ರೆ ಎಷ್ಟು ಹೊಡೀತೀನಿ ಅಂತ ನಿನ್ನ ಬುಕ್ಕಲ್ಲಿ ಐತಾ?’ ಎಂದು ಒಂದು ದಿನ ಕೇಳಿದ. ಇರಲಿಲ್ಲ. ಅವನು ಎಷ್ಟು ಚೆಂಡು ಉಳಿದಾಗ ಕ್ರೀಸಿಗೆ ಬಂದ ಎಂಬುದಕ್ಕೂ ನಾನು ಕಾಲಂ ಎಳೆದಿರಲಿಲ್ಲ. ಅವನ ಆಟದ್ದೆಂದು ನಾನು ಬರೆದಿಟ್ಟ ಸಂಖ್ಯೆಯಲ್ಲಿ ನಾನು ಕೊಟ್ಟ ಜಾಗವೂ ಸೇರಿಕೊಂಡಿತ್ತು.

ಈ ಬ್ಯಾಟಿಂಗ್ ಕ್ರಮದ ಪ್ರಶ್ನೆಯನ್ನು ಅಮೆರಿಕದ ಬೇಸ್‌ಬಾಲ್ ಪಂಡಿತರು ದಶಕಗಳಿಂದ ಅರೆಯುತ್ತಿದ್ದಾರೆ. ಅಲ್ಲಿ ಒಂಬತ್ತನೆಯವನ ಸರದಿ ಮುಗಿದರೆ ಮತ್ತೆ ಮೊದಲನೆಯವನಿಂದ ಶುರು. ಕೊನೆಯವನಿಗೂ ಒಂದು ಪಂದ್ಯದಲ್ಲಿ ಸಾಮಾನ್ಯವಾಗಿ ಮೂರು ನಾಲ್ಕು ಸಲ ಬ್ಯಾಟು ಸಿಗುತ್ತದೆ. ಋತುವಿಗೆ 162 ಪಂದ್ಯ ಬೇರೆ. ಕ್ರಮ ಸ್ವಲ್ಪ ತಪ್ಪಿದರೆ ಆಗುವ ನಷ್ಟ ಸಣ್ಣದು ಎಂದು ಅವರ ಲೆಕ್ಕವೇ ಹೇಳುತ್ತದೆ. ಕ್ರಿಕೆಟ್ಟಿನಲ್ಲಿ ಕೆಳಗಿನವನಿಗೆ ಸರದಿಯೇ ಬಾರದಿರಬಹುದು. ಸಾಲದ್ದಕ್ಕೆ ನಮ್ಮ ಸರಾಸರಿಯಲ್ಲಿ ರನ್ನನ್ನು ಭಾಗಿಸುವುದು ಇನಿಂಗ್ಸ್‌ಗಳಿಂದಲ್ಲ, ಔಟಾದ ಸಲಗಳಿಂದ. ಆಸ್ಟ್ರೇಲಿಯಾದ ಮೈಕೆಲ್ ಬೆವನ್ ಅವರ ಏಕದಿನ ಸರಾಸರಿ 53.58, 196 ಇನಿಂಗ್ಸ್‌ಗಳಲ್ಲಿ 67 ಸಲ ಅವರು ಅಜೇಯ. ದೊಡ್ಡ ಆಟಗಾರರೇ, ಆದರೆ ಆ ಸಂಖ್ಯೆಯೊಳಗೂ ಅವರ ಜಾಗ ಕೂತಿದೆ.

ಜಾಗ ಬದಲಿಸಿದ ಕಥೆಯೆಂದರೆ ಎಲ್ಲರಿಗೂ ನೆನಪಾಗುವುದು 2001ರ ಮಾರ್ಚ್, ಈಡನ್ ಗಾರ್ಡನ್ಸ್. ಭಾರತ 171ಕ್ಕೆ ಆಲೌಟಾಗಿ ಫಾಲೋಆನ್‌ಗೆ ಸಿಕ್ಕಿತು. ಆರನೆಯವರಾಗಿ ಬಂದು 59 ಹೊಡೆದಿದ್ದ ಲಕ್ಷ್ಮಣ್ ಮೂರಕ್ಕೆ ಏರಿದರು, ಮೂರರಲ್ಲಿದ್ದ ನಮ್ಮ ದ್ರಾವಿಡ್ ಆರಕ್ಕೆ ಇಳಿದರು. 281 ಮತ್ತು 180. ಇಬ್ಬರ ಜೊತೆಯಾಟ 376. ನಾಲ್ಕನೇ ದಿನವಿಡೀ ಒಂದು ವಿಕೆಟ್ಟೂ ಬೀಳಲಿಲ್ಲ. ಅಂಕಿ ಸೋತು ಒಳಮನಸ್ಸು ಗೆದ್ದ ದಿನ ಎಂದು ಇದನ್ನು ಹೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ದ್ರಾವಿಡ್ ತಮ್ಮ 13,288 ಟೆಸ್ಟ್ ರನ್ನುಗಳಲ್ಲಿ 10,000ಕ್ಕೂ ಹೆಚ್ಚನ್ನು ಗಳಿಸಿದ್ದು ಮೂರನೇ ಕ್ರಮಾಂಕದಲ್ಲೇ. ಹಳೆಯ ಪಟ್ಟಿಯೂ ಸುಳ್ಳಾಗಿರಲಿಲ್ಲ. ಆದರೆ ಆಡದ ಜಾಗದ ಆಟವನ್ನು ಯಾವ ಪಟ್ಟಿಯಿಂದಲೂ ಓದಲಾಗದು, ಕಳಿಸಿಯೇ ನೋಡಬೇಕು. ಕಳಿಸಿದ್ದು ತಪ್ಪಾದರೆ ಅದರ ಬೆಲೆ ತೆರುವವರು ಉಳಿದ ಹತ್ತು ಮಂದಿ. ಫಾಲೋಆನ್ ಆದವರಿಗೆ ಕಳೆದುಕೊಳ್ಳಲು ಹೆಚ್ಚೇನೂ ಇರಲಿಲ್ಲ. ಗೆಲ್ಲುತ್ತಿರುವ ತಂಡ ಒಬ್ಬನಿಗಾಗಿ ಆ ಬೆಲೆ ತೆರಬೇಕೇ? ಇಲ್ಲಿ ನನ್ನ ಲೆಕ್ಕ ನಿಲ್ಲುತ್ತದೆ.

ನಮ್ಮೂರ ಮಠದಲ್ಲಿ ಸೋಮವಾರದ ಸದ್ಧರ್ಮ ನ್ಯಾಯಪೀಠಕ್ಕೆ ಜಮೀನಿನ ತಕರಾರು, ಮನೆಯ ಜಗಳ ಹೊತ್ತು ಜನ ಬರುತ್ತಾರೆ. ತೀರ್ಪಿಗೆ ಮೊದಲು ತಮ್ಮ ಮಾತು ಹೇಳಿಕೊಳ್ಳುತ್ತಾರೆ. ನಾನು ಒಂಬತ್ತನೆಯವನ ಮಾತಿಗೆ ಕಿವಿಗೊಟ್ಟದ್ದು ರಜೆ ಮುಗಿಯುವಾಗ. ಕೊನೆಯ ಪಂದ್ಯದಲ್ಲಿ ಮೂರನೆಯವನಾಗಿ ಕಳಿಸಿದೆ. ಎರಡನೇ ಚೆಂಡಿಗೆ ಬೌಲ್ಡ್. ನಾವು ಸೋತೆವು, ಬ್ಯಾಟಿನ ಮಾಲೀಕ ನನ್ನ ಮುಖ ನೋಡಿ ನಕ್ಕ. ಒಂದೇ ಇನಿಂಗ್ಸ್‌ನಿಂದ ಏನೂ ಸಾಬೀತಾಗುವುದಿಲ್ಲ ಎಂದು ಈಗ ಯಾರಿಗಾದರೂ ಹೇಳಬಲ್ಲೆ. ಅವತ್ತು ಮಾತ್ರ ಅವನ ಹೆಸರಿನ ಮುಂದೆ 0 ಬರೆದು, ಸರಾಸರಿಯನ್ನು ಮತ್ತೆ ತೆಗೆದೆ.